ಕೆಲಸದ ಜಾಗದ ಸುತ್ತ ಎಂತಹ ಗಿಡ ನೆಡಬೇಕು?

(ಸಂಸೆಯ ರೈತರ ಸಭೆಯಲ್ಲಿ ಗ್ರಾಮಸೇವಕರು ಆಡಿದ ಮಾತು)



ವಯಸ್ಸಿನಲ್ಲಿ ನಾನು ನಿಮ್ಮಲ್ಲಿ ಅನೇಕರಿಗಿಂತ ಕಿರಿಯ. ನನ್ನ ಕೃಷಿ ಡಿಪ್ಲೊಮಾ ಪುಸ್ತಕದಿಂದ ಬಂದದ್ದು. ಈ ಮಣ್ಣಿನ ಗುಣ ನಿಮಗೆ ಹಿರಿಯರಿಂದ ಬಂದದ್ದು. ಆದುದರಿಂದ ಇಂದು ಹೊಸ ವಿದ್ಯೆಯನ್ನೇನೂ ಹೇಳಲು ನಾನು ಬಂದಿಲ್ಲ. ತೋಟದೊಳಗೆ ನೀವು ಬಳಸುವ ಬುದ್ಧಿಯನ್ನೇ ಕಾಫಿ ಕಣ, ಪಲ್ಪರ್ ಮನೆ, ಗೋದಾಮು, ಸೊಸೈಟಿ, ಪಂಚಾಯತಿ ಕಚೇರಿ ಇವುಗಳ ಅಂಗಳದಲ್ಲಿಯೂ ಬಳಸಬೇಕೆಂದು ಕೇಳಿಕೊಳ್ಳಲು ಬಂದಿದ್ದೇನೆ.

ದಿನವಿಡೀ ದುಡಿಯುವ ಜಾಗ ಹಸಿರಾಗಿ, ಚೊಕ್ಕಟವಾಗಿ ಇರಬೇಕೆಂಬ ಆಸೆ ಎಲ್ಲರಿಗೂ ಉಂಟು. ಅದಕ್ಕಾಗಿ ನರ್ಸರಿಯಿಂದ ಬಣ್ಣದ ಹೂವಿನ ಕುಂಡ ತರುತ್ತೇವೆ, ಹುಲ್ಲುಹಾಸು ಹಾಕಿಸುತ್ತೇವೆ. ಮಳೆಗಾಲ ಮುಗಿದ ಹೊಸದರಲ್ಲಿ ನೋಡಲು ಸೊಗಸು. ಫೆಬ್ರವರಿಯ ಹೊತ್ತಿಗೆ ಕುಂಡದಲ್ಲಿ ಉಳಿಯುವುದು ಒಣಕಡ್ಡಿ. ಇದು ಯಾರ ಸೋಮಾರಿತನವೂ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇರು ಕೊಳೆಯುವಷ್ಟು ಮಳೆ. ಡಿಸೆಂಬರ್‌ನಿಂದ ಹೂಮಳೆಯವರೆಗೆ ಬೇರು ಒಣಗುವಷ್ಟು ಬಿಸಿಲು. ಆ ಬಿಸಿಲಿನ ತಿಂಗಳುಗಳಲ್ಲಿಯೇ ಅರಾಬಿಕ ಕೊಯ್ಲು, ಅದರ ಹಿಂದೆಯೇ ರೊಬಸ್ಟಾ ಕೊಯ್ಲು, ನಡುವೆ ಅಡಿಕೆ ಕೆಲಸ. ಗಿಡಕ್ಕೆ ನೀರು ಬೇಕಾಗುವ ಕಾಲವೂ ಆಳು ಸಿಗದ ಕಾಲವೂ ಒಂದೇ. ಕೊನೆಗೆ ಇಡೀ ದಿನ ಹಣ್ಣು ಕೊಯ್ದು ಬಂದ ಹೆಣ್ಣುಮಗಳೇ ಸಂಜೆ ಕೊಡ ಹೊರಬೇಕು. ಗಿಡ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಹೂವಿನ ಬಣ್ಣದ್ದಲ್ಲ, ಮಾರ್ಚಿಯಲ್ಲಿ ಇದಕ್ಕೆ ನೀರು ಹೊರುವವರು ಯಾರು ಎಂಬುದು.

ಕತ್ತರಿಯ ಕೆಲಸವೂ ಹಾಗೆಯೇ. ನಮ್ಮ ಸಂಸೆಯ ಟೀ ತೋಟದಲ್ಲಿ ಗಿಡ ಕತ್ತರಿಸಿದರೆ ಚಿಗುರು ಬರುತ್ತದೆ, ಚಿಗುರಿನಿಂದ ಹಣ ಬರುತ್ತದೆ. ಕಚೇರಿಯ ಮುಂದಿನ ಬೇಲಿಯನ್ನು ತಿಂಗಳು ತಿಂಗಳು ಕತ್ತರಿಸಿದರೆ ಬರುವುದು ಕೂಲಿಯ ಖರ್ಚು ಮಾತ್ರ.

ಹಾಗಾದರೆ ಏನು ನೆಡಬೇಕು? ಬೇಲಿಯ ಸಾಲಿಗೆ ದಾಸವಾಳ, ನಂದಿಬಟ್ಟಲು, ಕೇಪಳ ಒಳ್ಳೆಯವು. ನಮ್ಮ ಮಳೆಯನ್ನೂ ಬಿಸಿಲನ್ನೂ ಇವು ಬಲ್ಲವು. ಕೊಯ್ಲು ಆರಂಭವಾಗುವ ಮೊದಲು ವರ್ಷಕ್ಕೊಮ್ಮೆ ಸವರಿದರೆ ಸಾಕು. ದಾಸವಾಳ, ನಂದಿಬಟ್ಟಲುಗಳಿಗೆ ದುಡ್ಡು ಕೊಡಬೇಕಾಗಿಯೂ ಇಲ್ಲ. ನೆರೆಮನೆಯಿಂದ ಕಡ್ಡಿ ತಂದು ಮಳೆ ಹಿಡಿದ ಕೂಡಲೇ ಊರಿದರೆ ಬೇರು ಬಿಡುತ್ತದೆ. ಹೂವು ದೇವರ ಪೂಜೆಗೂ ಆಗುತ್ತದೆ. ಆಳುಗಳು ಕುಳಿತು ಊಟ ಮಾಡುವಲ್ಲಿ ನೆರಳಿಗೆ ಒಂದು ಮುರುಗಲು ಇರಲಿ. ಎಲೆ ಪೂರಾ ಉದುರಿಸಿ ಬೋಳಾಗುವ ಮರ ಅದಲ್ಲ. ನಿಧಾನವಾಗಿ ಬೆಳೆಯುವುದರಿಂದ ಮೇಲಿಂದ ಮೇಲೆ ಕಡಿಯುವ ಗೋಜಿಲ್ಲ. ಬೀಜದ ಸಸಿ ಗಂಡು ಮರವಾಗಿ ಬಿಡಬಹುದು. ಪಾನಕಕ್ಕೆ ಹಣ್ಣು ಬೇಕೆನ್ನುವವರು ಹೆಣ್ಣು ಮರದಿಂದ ಕಟ್ಟಿದ ಕಸಿ ಸಸಿಯನ್ನೇ ಕೇಳಿ ತರಬೇಕು.

ಬಿಸಿಲು ಬೀಳುವ ದರೆಯ ಅಂಚಿಗೆ ಲಾವಂಚ ಹಾಕಿ. ಇಳಿಜಾರಿಗೆ ಅಡ್ಡಲಾಗಿ ಅರ್ಧ ಅಡಿಗೊಂದರಂತೆ ಬುಡ ನೆಟ್ಟರೆ ಬೇರು ನೇರವಾಗಿ ಆಳಕ್ಕಿಳಿದು ಮೇಲ್ಮಣ್ಣನ್ನು ಹಿಡಿಯುತ್ತದೆ. ಆದರೆ ಅದರ ಶಕ್ತಿಗೂ ಮಿತಿಯುಂಟು. 2019ರ ಆಗಸ್ಟಿನಲ್ಲಿ ನಮ್ಮ ಮೂಡಿಗೆರೆ ಸೀಮೆಯ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡವೇ ಜರಿದುದನ್ನು ನೀವು ಬಲ್ಲಿರಿ. ಹಾಗೆ ಗುಡ್ಡ ಜರಿಯುವುದನ್ನು ಯಾವ ಹುಲ್ಲೂ ತಡೆಯಲಾರದು. ಕಟ್ಟಡಕ್ಕೆಂದು ದರೆಯನ್ನು ನೆಟ್ಟಗೆ ಕಡಿಯಬಾರದು. ಮೇಲಿನ ನೀರು ಬೇರೆ ಕಡೆ ಹೋಗುವಂತೆ ಮೊದಲು ಚರಂಡಿ ತೆಗೆಯಬೇಕು. ಲಾವಂಚ ಆಮೇಲಿನ ಮಾತು.

ಯಾವ ಗಿಡ ಎಂಬುದರಷ್ಟೇ ಎಲ್ಲಿ ಎಂಬುದೂ ಮುಖ್ಯ. ಕಣದ ದಕ್ಷಿಣಕ್ಕೆ ಎತ್ತರದ ಮರ ಬೇಡ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ. ಡಿಸೆಂಬರ್ ಕೊನೆಯಲ್ಲಿ 20 ಅಡಿ ಎತ್ತರದ ಮರದ ನೆರಳು ನಡುಮಧ್ಯಾಹ್ನದಲ್ಲಿಯೂ ಸುಮಾರು 15 ಅಡಿ ಚಾಚಿರುತ್ತದೆ. ಬೆಳಿಗ್ಗೆ ಸಂಜೆ ಇನ್ನೂ ಉದ್ದ. ಕಾಫಿ ಒಣಗಬೇಕಾದ ದಿನಗಳಲ್ಲಿಯೇ ಬಿಸಿಲು ತಪ್ಪಿದರೆ ಆ ಮರದ ಅಂದ ಏತಕ್ಕೆ? ಮರ ಬೇಕಾದರೆ ಕಣದ ಉತ್ತರಕ್ಕಿರಲಿ. ಗೋಡೆಯ ಸುತ್ತ ಮೂರು ಅಡಿ ಬಯಲು ಬಿಡಿ. ಸೂರಿನ ನೀರು ಧಾರೆಯಾಗಿ ಬೀಳುವಲ್ಲಿ ಗಿಡ ಉಳಿಯದು. ಅಲ್ಲಿ ಜಲ್ಲಿಕಲ್ಲು ಹರಡಿದರೆ ಕೆಸರು ಗೋಡೆಗೆ ಸಿಡಿಯುವುದಿಲ್ಲ, ಹಾವಿಗೆ ಮರೆಯೂ ಇರುವುದಿಲ್ಲ. ಜಾನುವಾರು ಬಾಯಿ ಹಾಕುವ ಕಡೆ ಕಣಗಿಲೆ ನೆಡಲೇಬಾರದು. ಅದರ ಎಲೆ ವಿಷ.

ಇನ್ನೊಂದು ಎಚ್ಚರಿಕೆ. ನೀರು ಬೇಡ, ಗೊಬ್ಬರ ಬೇಡ, ಎಲ್ಲಿ ಹಾಕಿದರೂ ಬರುತ್ತದೆ ಎಂದು ಯಾರಾದರೂ ಗಿಡ ಕೊಟ್ಟರೆ, ಹಾಕಿದಲ್ಲಿಯೇ ಇರುತ್ತದೆಯೇ ಎಂದು ಕೇಳಿ. ಲಂಟಾನವನ್ನು ನಮ್ಮ ದೇಶಕ್ಕೆ ತಂದದ್ದು 19ನೆಯ ಶತಮಾನದ ಆರಂಭದಲ್ಲಿ, ಉದ್ಯಾನದ ಅಂದಕ್ಕಾಗಿ. ಅಮೆರಿಕದ ಬಿಸಿನಾಡಿನಿಂದ ಬಂದ ಅದರ ಬೀಜವನ್ನು ಹಕ್ಕಿಗಳು ಒಯ್ದು ಹರಡಿದವು. ಇಂದು ಅದು ಕಾಡಿನ ಒಳಗೆ ಹಬ್ಬಿದೆ. ದನಕ್ಕೆ ಮೇವೂ ಅಲ್ಲ. ಹಳದಿ ಹೂವಿನ ಸಿಂಗಪುರ ಡೇಸಿ ಬಳ್ಳಿಯ ಗುಣವೂ ಅಂತಹುದೇ. ನೆಲ ಮುಚ್ಚಲೆಂದು ಅದನ್ನು ತಂದು ಹಾಕುತ್ತಾರೆ; ತೇವವಿದ್ದರೆ ಒಂದು ತುಂಡಿನಿಂದಲೂ ಬೇರೂರಿ ಚರಂಡಿ ಹಿಡಿದು ತೋಟಕ್ಕೆ ಇಳಿಯುತ್ತದೆ. ಇಂದು ಅಂಗಳದಲ್ಲಿ ಉಳಿಸಿದ ಕೂಲಿಯನ್ನು ನಾಳೆ ತೋಟದ ಕಳೆಗೆ ಎರಡರಷ್ಟು ತೆರಬೇಕಾಗುತ್ತದೆ.

ಆರೈಕೆಯೇ ಬೇಡದ ಗಿಡ ಎಂಬುದಿಲ್ಲ. ಊರಿನ ಗಿಡಕ್ಕೂ ಮೊದಲ ವರ್ಷ ಗಮನ ಬೇಕು. ಗುಂಡಿಯಲ್ಲಿ ನೀರು ನಿಲ್ಲದಂತೆ ಬುಡಕ್ಕೆ ಮಣ್ಣು ಏರಿಸಿ ನೆಡಿ. ಮಳೆ ಕಡಿಮೆಯಾದ ಮೇಲೆ, ಮಣ್ಣಿನಲ್ಲಿ ಹಸಿ ಇರುವಾಗಲೇ, ಬುಡದ ಸುತ್ತ ದರಗು ಹೊದಿಸಿ, ಕಾಂಡಕ್ಕೆ ತಾಗದಿರಲಿ. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು ಕೊಡಿ. ಎರಡನೆಯ ಬೇಸಿಗೆಯಿಂದ ಅದು ತನ್ನ ಕಾಲ ಮೇಲೆ ನಿಲ್ಲಬೇಕು. ನಿಲ್ಲದ ಗಿಡ ನಮ್ಮ ಅಂಗಳಕ್ಕೆ ತಕ್ಕದ್ದಲ್ಲ.

ಆದುದರಿಂದ ಬರುವ ಮಳೆಗಾಲಕ್ಕೆ ಮುಂಚೆ ನಿಮ್ಮ ಕಣದ ಬಳಿ ಒಮ್ಮೆ ನಿಂತು ನೋಡಿ. ಬಿಸಿಲು ಎತ್ತಲಿಂದ, ನೀರು ಎತ್ತ ಕಡೆಗೆ, ಆಳುಗಳು ಕೂರುವುದೆಲ್ಲಿ ಎಂದು ಗೊತ್ತುಮಾಡಿಕೊಳ್ಳಿ. ಐವತ್ತು ಕುಂಡಗಳಿಗಿಂತ ಉಳಿಯುವ ಐದು ಗಿಡ ಮೇಲು. ಒಬ್ಬರ ಮನೆಯ ಕಡ್ಡಿ ಇನ್ನೊಬ್ಬರ ಬೇಲಿಗೆ ಹೋಗಲಿ. ಸೊಸೈಟಿಯ ಅಂಗಳಕ್ಕೆ ನೀವೆಲ್ಲರೂ ಕೂಡಿ ಒಂದು ದಿನ ನಿಶ್ಚಯಿಸಿದರೆ ಕಡ್ಡಿ ಊರಲು ನಾನೂ ಬರುತ್ತೇನೆ. ಗುದ್ದಲಿ ಮಾತ್ರ ನಿಮ್ಮದು.