ಗುರುವಿನ ಚಂದ್ರರೂ ನಮ್ಮ ಕೂಲಿಯ ಲೆಕ್ಕವೂ

(ಪಟ್ಟಂದೂರು ಅಗ್ರಹಾರದಲ್ಲಿ ಕಾರ್ಖಾನೆ ಕೆಲಸಗಾರರ ಮತ್ತು ಅಂಗಡಿಗಾರರ ಸಭೆಯಲ್ಲಿ ಮಾಡಿದ ಭಾಷಣ)



ಈ ಊರಿಗೆ ಮೊದಲು ಐಟಿಪಿಎಲ್‌ನ ಗಾಜಿನ ಕಟ್ಟಡಗಳು ಬಂದವು. 2023ರ ಮಾರ್ಚಿಯಲ್ಲಿ ಮೆಟ್ರೋ ರೈಲೂ ಬಂದಿತು. ಆ ಕಟ್ಟಡಗಳ ಒಳಗೆ ಕುಳಿತು ಸಾಫ್ಟ್‌ವೇರ್ ಬರೆಯುತ್ತಾರೆ. ಅವುಗಳ ಬಾಗಿಲು ಕಾಯುವವರು, ನೆಲ ಒರೆಸುವವರು, ಎದುರಿಗೆ ಚಹಾ ಮಾರುವವರು ನಮ್ಮವರು. ಸಾಫ್ಟ್‌ವೇರ್ ಎಂದರೆ ದೊಡ್ಡವರ ವಿದ್ಯೆ, ಅದರ ಗೊಡವೆ ನಮಗೇಕೆ ಎಂದು ನಮ್ಮಲ್ಲಿ ಅನೇಕರು ಸುಮ್ಮನಿದ್ದೇವೆ. ಈ ಹೊತ್ತು ಅಂಥ ಒಂದು ಸಾಫ್ಟ್‌ವೇರನ್ನು ಬಿಚ್ಚಿ ನೋಡೋಣ. ಗುರುಗ್ರಹದ ಸುತ್ತ ತಿರುಗುವ ಚಂದ್ರರು ಇಂಥ ದಿನ ಇಂಥ ಗಳಿಗೆಗೆ ಎಲ್ಲಿರುತ್ತಾರೆಂದು ಮೊದಲೇ ಲೆಕ್ಕ ಹಾಕಿ, ಪರದೆಯ ಮೇಲೆ ಚಿತ್ರ ಬರೆದು ತೋರಿಸುವುದು ಅದರ ಕೆಲಸ.

ಇದರಿಂದ ಹೊಟ್ಟೆ ತುಂಬೀತೇ ಎಂದು ತಾವು ಕೇಳಬಹುದು. ತುಂಬದು. ಆದರೆ ನಮ್ಮ ಹೊಟ್ಟೆಯ ಲೆಕ್ಕವೂ ಈಗ ಕಂಪ್ಯೂಟರಿನೊಳಗೇ ನಡೆಯುತ್ತಿದೆ. ನೇರವಾದ ಲೆಕ್ಕ ಹೇಗಿರುತ್ತದೆಂದು ಬಲ್ಲವನಿಗೆ ಮಾತ್ರ ಡೊಂಕು ಲೆಕ್ಕ ಕಂಡೀತು.

1610ರ ಜನವರಿಯಲ್ಲಿ ಇಟಲಿಯ ಗೆಲಿಲಿಯೋ ತಾನೇ ಮಾಡಿಕೊಂಡ ದೂರದರ್ಶಕವನ್ನು ಗುರುವಿನ ಕಡೆಗೆ ತಿರುಗಿಸಿದನು. ಪಕ್ಕದಲ್ಲಿ ಸಣ್ಣ ಚುಕ್ಕೆಗಳು ಸಾಲಾಗಿ ಕಂಡವು. ಮರುರಾತ್ರಿ ಅವು ಸ್ಥಳ ಬದಲಿಸಿದ್ದವು. ಕೆಲವು ರಾತ್ರಿ ನೋಡಿದ ಮೇಲೆ ಅವು ಗುರುವನ್ನೇ ಸುತ್ತುತ್ತಿವೆಯೆಂದೂ, ಅವು ನಾಲ್ಕೆಂದೂ ತಿಳಿಯಿತು. ಅಯೋ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೋ ಎಂಬುವು ಅವುಗಳ ಹೆಸರು. ಇಂದು ಗುರುವಿಗೆ ನೂರಕ್ಕೆ ಹತ್ತಿರ ಚಂದ್ರರಿರುವುದು ಗೊತ್ತಾಗಿದೆ. ಆದರೂ ಸಾಧಾರಣ ಬೈನಾಕ್ಯುಲರಿಗೆ ಸಿಕ್ಕುವವು ಈ ನಾಲ್ಕೇ.

ಗಾಣದ ಎತ್ತು ತಿರುಗುವುದನ್ನು ದೂರದಲ್ಲಿ ಕುಳಿತು ನೋಡಿದರೆ ಅದು ಎಡಕ್ಕೂ ಬಲಕ್ಕೂ ಹೋಗಿ ಬಂದಂತೆ ಕಾಣುವುದಿಲ್ಲವೇ? ಈ ಚಂದ್ರರೂ ನಮಗೆ ಹಾಗೆಯೇ ಕಾಣುತ್ತಾರೆ. ಗುರುವಿನ ಅರ್ಧವ್ಯಾಸವನ್ನು ಒಂದು ಗಜವೆಂದು ಇಟ್ಟುಕೊಳ್ಳಿ. ಗುರುವಿನ ನಡುವಿನಿಂದ ಅಯೋ ಸುಮಾರು 6 ಗಜ, ಯುರೋಪಾ 9 ಗಜಕ್ಕೆ ತುಸು ಹೆಚ್ಚು, ಗ್ಯಾನಿಮೀಡ್ 15, ಕ್ಯಾಲಿಸ್ಟೋ 26 ಗಜ ದೂರ. ಒಂದು ಸುತ್ತಿಗೆ ಅಯೋಗೆ 1 ದಿನ 18 ಗಂಟೆ, ಯುರೋಪಾಗೆ 3 ದಿನ 13 ಗಂಟೆ, ಗ್ಯಾನಿಮೀಡ್‌ಗೆ 7 ದಿನ 4 ಗಂಟೆ, ಕ್ಯಾಲಿಸ್ಟೋಗೆ 16 ದಿನ 17 ಗಂಟೆ, ಹೆಚ್ಚುಕಡಿಮೆ ಹಿಡಿಯುತ್ತದೆ. ಇಷ್ಟು ಗೊತ್ತಿದ್ದರೆ ಹೈಸ್ಕೂಲಿನ ಹುಡುಗಿಯೊಬ್ಬಳು ನಾಳೆ ರಾತ್ರಿಯ ಚಿತ್ರವನ್ನು ಸುಮಾರಾಗಿ ಬರೆದುಬಿಡಬಹುದು.

ಸುಮಾರಾಗಿ ಎಂದೆವು. ಏಕೆಂದರೆ ಈ ಚಂದ್ರರು ಒಬ್ಬರನ್ನೊಬ್ಬರು ಎಳೆಯುತ್ತಾರೆ. ಗ್ಯಾನಿಮೀಡ್ ಒಂದು ಸುತ್ತು ಬರುವಷ್ಟರಲ್ಲಿ ಯುರೋಪಾ ಎರಡು, ಅಯೋ ನಾಲ್ಕು ಸುತ್ತು ಬಂದಿರುತ್ತವೆ. ಒಂದೇ ನೊಗಕ್ಕೆ ಕಟ್ಟಿದ ಹಾಗೆ ಒಂದರ ನಡಿಗೆ ಇನ್ನೊಂದರ ನಡಿಗೆಯನ್ನು ಜಗ್ಗುತ್ತದೆ. ಆದುದರಿಂದ ಬರಿಯ ಗುಣಾಕಾರ ಸಾಲದು; ತಿದ್ದುಪಡಿಯ ಮೇಲೆ ತಿದ್ದುಪಡಿ ಬೇಕು. ಇಂಗ್ಲೆಂಡಿನ ಸ್ಯಾಂಪ್ಸನ್ 1910ರಲ್ಲಿ ಇದಕ್ಕಾಗಿ ದೊಡ್ಡ ಕೋಷ್ಟಕಗಳನ್ನು ಪ್ರಕಟಿಸಿದನು. 1977ರಲ್ಲಿ ಅಮೆರಿಕದ ಲೀಸ್ಕೆ ಅದನ್ನು ಇನ್ನೂ ಬಿಗಿಗೊಳಿಸಿದನು. ಕಾಗದದ ಮೇಲೆ ದಿನಗಟ್ಟಲೆ ಹಿಡಿಯುತ್ತಿದ್ದ ಆ ಕೂಡು-ಕಳೆಯನ್ನು ಕಂಪ್ಯೂಟರು ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಮಾಡುತ್ತದೆ. ಅದರ ಹೆಚ್ಚುಗಾರಿಕೆ ಅಷ್ಟೇ. ಲೆಕ್ಕವನ್ನು ಕಂಡುಹಿಡಿದದ್ದು ಮನುಷ್ಯರು, ನಾಲ್ಕು ನೂರು ವರ್ಷ, ಕೈಯಿಂದ ಕೈಗೆ.

ಲೆಕ್ಕ ತಪ್ಪಿದಾಗ ಏನಾಯಿತೆಂಬುದನ್ನು ಅಂಗಡಿಗಾರರು ಚೆನ್ನಾಗಿ ಕೇಳಬೇಕು. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ವೀಕ್ಷಣಾಲಯದವರು ಅಯೋ ಗುರುವಿನ ನೆರಳಿನೊಳಗೆ ಮುಳುಗುವ ಹೊತ್ತನ್ನು ಮೊದಲೇ ಬರೆದಿಡುತ್ತಿದ್ದರು. ಭೂಮಿ ಗುರುವಿನಿಂದ ದೂರ ಸರಿದಾಗ ಅಯೋ ತಡವಾಗಿ ಮುಳುಗುವುದು, ಹತ್ತಿರ ಬಂದಾಗ ಬೇಗ ಮುಳುಗುವುದು. ಲೆಕ್ಕಕ್ಕೂ ಕಣ್ಣಿಗೂ ತಾಳೆಯಾಗಲಿಲ್ಲ. ಪುಸ್ತಕವನ್ನು ಬಚ್ಚಿಡಲಿಲ್ಲ, ಅಂಕಿ ತಿದ್ದಲಿಲ್ಲ. 1676ರಲ್ಲಿ ಡೆನ್ಮಾರ್ಕಿನ ರೋಮರ್ ಎಂಬಾತ, ತಪ್ಪು ಚಂದ್ರನದಲ್ಲ, ಬೆಳಕು ನಮ್ಮ ಬಳಿಗೆ ಬರಲು ಹೊತ್ತು ಹಿಡಿಯುತ್ತದೆ ಎಂದು ತೋರಿಸಿದನು. ಗುರುವಿನಿಂದ ಭೂಮಿಗೆ ಬೆಳಕು ಬರಲು ಕೆಲವೊಮ್ಮೆ 35 ನಿಮಿಷ, ಕೆಲವೊಮ್ಮೆ 50ಕ್ಕೂ ಹೆಚ್ಚು. ಇಂದಿನ ಸಾಫ್ಟ್‌ವೇರ್ ಆ ನಿಮಿಷಗಳನ್ನೂ ಲೆಕ್ಕಕ್ಕೆ ಹಿಡಿದೇ ಚಿತ್ರ ತೋರಿಸುತ್ತದೆ. ತಾಳೆಯಾಗದ ಒಂದು ಲೆಕ್ಕವನ್ನು ಹತ್ತು ಜನರ ಮುಂದೆ ಇಟ್ಟದ್ದರಿಂದ ಲೋಕಕ್ಕೇ ಹೊಸ ಜ್ಞಾನ ಬಂದಿತು.

ಈ ಲೆಕ್ಕ ನಮ್ಮ ನೆಲಕ್ಕೂ ಬಂದಿತ್ತು. ಚಂದ್ರ ನೆರಳಿಗೆ ಮುಳುಗುವುದು ಎಲ್ಲ ಊರಿಗೂ ಒಂದೇ ಕ್ಷಣದಲ್ಲಿ ಕಾಣುತ್ತದೆ. ಊರಿನ ಗಡಿಯಾರದ ಹೊತ್ತು ಮಾತ್ರ ಬೇರೆ. ಆ ವ್ಯತ್ಯಾಸವೇ ಆ ಊರು ಎಷ್ಟು ಪೂರ್ವಕ್ಕಿದೆ ಎಂಬುದರ ಅಳತೆ: ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ಈಸ್ಟ್ ಇಂಡಿಯಾ ಕಂಪೆನಿಯ ಮದರಾಸು ವೀಕ್ಷಣಾಲಯದಲ್ಲಿ ಗೋಲ್ಡಿಂಗ್‌ಹ್ಯಾಮ್ ಎಂಬಾತ ವರ್ಷಗಟ್ಟಲೆ ಗುರುವಿನ ಚಂದ್ರರ ಗ್ರಹಣಗಳನ್ನು ನೋಡಿ ಬರೆದು ಮದರಾಸಿನ ರೇಖಾಂಶವನ್ನು ನಿರ್ಧರಿಸಿದನು. ಕಂಪೆನಿಯ ಭೂಮಾಪನಕ್ಕೆ ಮದರಾಸೇ ಮೂಲವಾಯಿತು. ಟಿಪ್ಪು ಮಡಿದ ಕೆಲವೇ ವರ್ಷಗಳ ಮೇಲೆ, 1804ರಲ್ಲಿ, ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಆಧಾರರೇಖೆಯನ್ನು ಅಳೆದನು. ವಿದ್ಯೆ ನಿಜವಾದದ್ದೇ, ಅಳತೆಯೂ ಸರಿಯಾದದ್ದೇ. ಆದರೆ ಪುಸ್ತಕ ಆಳುವವರ ಕೈಯಲ್ಲಿದ್ದಿತು. ಹೊಲ ಉಳುವವನಿಗೆ ಸರಪಳಿ ಎಳೆಯುವುದು ಕಂಡಿತೇ ಹೊರತು ಲೆಕ್ಕ ಕಾಣಲಿಲ್ಲ.

ಇಂದು ಗುರುವಿನ ಚಂದ್ರರ ಪುಸ್ತಕ ತೆರೆದಿದೆ. ಸ್ಟೆಲೇರಿಯಂ ಎಂಬ ಸಾಫ್ಟ್‌ವೇರ್ ಇದೆ. ಫ್ರಾನ್ಸಿನ ಫಾಬಿಯನ್ ಶೆರೋ ಅದನ್ನು ಆರಂಭಿಸಿದನು; ಆಮೇಲೆ ಹಲವು ದೇಶಗಳವರು ಸೇರಿ ಬೆಳೆಸಿದರು. ಕಂಪ್ಯೂಟರಿಗೆ ಅದನ್ನು ಹಾಕಿಕೊಳ್ಳಲು ಕಾಸು ಕೊಡಬೇಕಾಗಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಒಳಗಿನ ಲೆಕ್ಕವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಆ ಹಕ್ಕನ್ನು ಅದರ ಪರವಾನಗಿಯಲ್ಲೇ ಬರೆದುಕೊಟ್ಟಿದ್ದಾರೆ. ಅದರಲ್ಲಿ ಬೆಂಗಳೂರು ಎಂದು ಊರು ಹಾಕಿ, ಗುರುವನ್ನು ಹುಡುಕಿ ದೊಡ್ಡದು ಮಾಡಿದರೆ ಚಂದ್ರರು ಕಾಣುತ್ತಾರೆ. ಗಡಿಯಾರವನ್ನು ಮುಂದಕ್ಕೆ ಓಡಿಸಿದರೆ ಅವು ತಿರುಗುತ್ತವೆ. ಒಂದು ಗುರುವಿನ ಹಿಂದೆ ಅಡಗುತ್ತದೆ, ಒಂದರ ನೆರಳು ಗುರುವಿನ ಮೈಮೇಲೆ ಹರಿಯುತ್ತದೆ. ಆ ಹೊತ್ತಿಗೆ ಆಕಾಶ ನೋಡಿ. ಸಾಫ್ಟ್‌ವೇರ್ ಹೇಳಿದ್ದು ಸುಳ್ಳಾದರೆ ಅದನ್ನು ಹಿಡಿಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಹೀಗೆ ಮುಂದಾಗಿ ತಿಳಿದುದರಿಂದ ಆಗುವ ಕೆಲಸಕ್ಕೆ ಒಂದೇ ನಿದರ್ಶನ ಸಾಕು. 1972ರ ಜೂನ್ 7ರಂದು ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡುವುದೆಂದು ಲೆಕ್ಕ ಹೇಳಿತ್ತು. ಇಂದು ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರವಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಸೇರಿದ ಕಾವಲೂರಿನಲ್ಲಿ ಭಟ್ಟಾಚಾರ್ಯ ಅವರೂ ಜೊತೆಯವರೂ ಕಾದಿದ್ದು ನೋಡಿದರು. ನಕ್ಷತ್ರದ ಬೆಳಕು ಕುಂದಿದ ರೀತಿಯಿಂದ ಗ್ಯಾನಿಮೀಡ್‌ಗೆ ತೆಳು ವಾಯುಮಂಡಲವಿರಬೇಕೆಂದು ವಾದಿಸಿದರು. ಅವರು ಹೇಳಿದ ಪ್ರಮಾಣವನ್ನು ಮುಂದೆ ಬಂದ ವಾಯೇಜರ್ ನೌಕೆಯ ಅಳತೆ ಬಹಳ ತಗ್ಗಿಸಿತು. ತೆರೆದ ಪುಸ್ತಕದ ಗುಣವೇ ಅದು; ಯಾರ ಅಂಕಿಯೂ ತಿದ್ದುಪಡಿಗೆ ಹೊರತಲ್ಲ.

ಈಗ ನಮ್ಮ ಬೀದಿಯ ಮಾತಿಗೆ ಬರೋಣ. ಕಂಪ್ಯೂಟರ್ ಜಾತಕ ಎಂದು ಹಲಗೆ ಹಾಕಿರುವ ಅಂಗಡಿಗಳುಂಟು. ಗುರು ಯಾವ ರಾಶಿಯಲ್ಲಿದೆ ಎಂದು ಅಲ್ಲಿ ಅಚ್ಚಾದದ್ದು ಸರಿಯಿರಬಹುದು. ಅದನ್ನು ಆಕಾಶ ನೋಡಿ ಪರೀಕ್ಷಿಸಬಹುದು. ಆದರೆ ಗುರುಬಲವಿಲ್ಲ, ಮಗಳ ಮದುವೆ ನಿಲ್ಲಿಸು, ಶಾಂತಿಗೆ ಹಣ ತೆಗೆ ಎಂಬ ಮಾತು ಯಾವ ಲೆಕ್ಕದಿಂದ ಬಂತು? ಅದನ್ನು ಪರೀಕ್ಷಿಸುವ ಹೊತ್ತು ಯಾವುದು? ಎರಡೂ ಒಂದೇ ಯಂತ್ರದಿಂದ ಒಂದೇ ಕಾಗದದ ಮೇಲೆ ಬಂದವೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಇನ್ನು ಕೂಲಿ. ಈ ರಸ್ತೆಯಲ್ಲಿ ಊಟದ ಚೀಲ ಹೊತ್ತು ಸ್ಕೂಟರ್ ಓಡಿಸುವ ಹುಡುಗರನ್ನು ಕೇಳಿ. ಅದೇ ದೂರ, ಅದೇ ಬಿಸಿಲು. ನಿನ್ನೆ ಒಂದು ದರ, ಇಂದು ಇನ್ನೊಂದು. ಏಕೆಂದರೆ “ಸಿಸ್ಟಮ್ ಹಾಗೆ ಹಾಕಿದೆ” ಎಂಬ ಉತ್ತರ. ಅರುವತ್ತು ಕೋಟಿ ಕಿಲೋಮೀಟರ್ ಆಚೆಗಿರುವ ಚಂದ್ರನ ಲೆಕ್ಕವನ್ನು ಕೂಲಿಕಾರನ ಮಗ ಓದಿ ತಪ್ಪು ಹಿಡಿಯಬಹುದಂತೆ; ಅವನ ಅಪ್ಪನ ಆರು ಕಿಲೋಮೀಟರಿನ ಕೂಲಿಯ ಲೆಕ್ಕವನ್ನು ಮಾತ್ರ ಯಾರೂ ನೋಡಕೂಡದಂತೆ! ಕರ್ನಾಟಕದಲ್ಲಿ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಕಾಯಿದೆಯಾಗಿದೆ. ಕಂಪ್ಯೂಟರು ತಾನಾಗಿ ಮಾಡುವ ತೀರ್ಮಾನಗಳು ಕೆಲಸಗಾರನನ್ನು ಹೇಗೆ ಮುಟ್ಟುತ್ತವೆಂಬುದನ್ನು ಸರಳ ಭಾಷೆಯಲ್ಲಿ ತಿಳಿಸಬೇಕೆಂಬ ಮಾತು ಅದರಲ್ಲಿದೆ. ಕಾಯಿದೆಯಲ್ಲಿ ಇದ್ದ ಮಾತ್ರಕ್ಕೆ ಬಾಗಿಲು ತೆರೆಯದು. ಕೇಳುವವರು ಬೇಕು, ಕೇಳುವವರಿಗೆ ಲೆಕ್ಕದ ಅಂಜಿಕೆ ಬಿಡಬೇಕು.

ಅಂಜಿಕೆ ಬಿಡಿಸಲು ನಾವು ಸೂಚಿಸುವ ಕೆಲಸ ದೊಡ್ಡದೇನಲ್ಲ. ಬೀದಿಗೊಂದು ಬೈನಾಕ್ಯುಲರನ್ನು ಚಂದಾ ಎತ್ತಿ ಕೊಳ್ಳಿ. ಗುರು ಸಂಜೆ ಕಾಣುವ ತಿಂಗಳುಗಳಲ್ಲಿ ಹದಿನೈದು ರಾತ್ರಿ ಮಕ್ಕಳಿಂದ ಕಾಗದದ ಮೇಲೆ ಒಂದು ವೃತ್ತವನ್ನೂ ಪಕ್ಕದ ಚುಕ್ಕೆಗಳನ್ನೂ ಬರೆಸಿ, ಹೊತ್ತು ಗುರುತು ಹಾಕಿಸಿ. ಆಮೇಲೆ ಶಾಲೆಯ ಕಂಪ್ಯೂಟರಿನಲ್ಲಿ ಅದೇ ಹೊತ್ತಿನ ಚಿತ್ರ ತೆಗೆದು ಪಕ್ಕಪಕ್ಕಕ್ಕೆ ಇಡಿ. ಮೊದಲು ಕೈಬರಹ, ಆಮೇಲೆ ಯಂತ್ರ. ಈ ಕ್ರಮವನ್ನು ಮಾತ್ರ ತಪ್ಪಿಸಬೇಡಿ. ಯಂತ್ರದ ಮಾತನ್ನು ತಾಳೆ ನೋಡಿ ಅಭ್ಯಾಸವಾದ ಮಕ್ಕಳು ನಾಳೆ ಕೆಲಸಕ್ಕೆ ಸೇರಿದಾಗ ಸಂಬಳದ ಚೀಟಿಯನ್ನೂ ತಾಳೆ ನೋಡಿಯೇ ಸಹಿ ಹಾಕುತ್ತಾರೆ.