ನಮ್ಮ ಮಕ್ಕಳಿಗೆ ಒಗ್ಗುವ ಕಾಲೇಜು

(ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯಲ್ಲಿ ಓದಿದವನು. ಈಗ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಪ್ರತಿವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಊರಿನಿಂದ ನನಗೆ ಫೋನುಗಳು ಶುರುವಾಗುತ್ತವೆ. "ಸಾ, ನಮ್ ಹುಡುಗಂದು ಸೆಕೆಂಡ್ ಪಿಯು ಆಯ್ತು, ಯಾವ್ ಕಾಲೇಜ್ ಚೆನ್ನಾಗೈತೆ?" ಹುಡುಗನಿಗೆ ಏನು ಇಷ್ಟ ಅಂತ ಕೇಳಿದರೆ, "ಅವನಿಗೇನ್ ಗೊತ್ತಾಯ್ತದೆ ಬುಡಿ ಸಾ, ನೀವೇ ಒಂದು ಹೇಳಿ" ಅನ್ನುತ್ತಾರೆ. ಸಂಘಟಕರು ಈ ವಿಷಯವನ್ನು ಕೊಟ್ಟಾಗ ಅದಕ್ಕೇ ಒಪ್ಪಿಕೊಂಡೆ. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳಬಹುದು.

ನಮ್ಮದು ರೇಷ್ಮೆ ಬೆಳೆಯುವ ಸೀಮೆ. ಹಿಪ್ಪುನೇರಳೆ ಹಾಕುವಾಗ ನಮ್ಮ ರೈತ ಏನು ಮಾಡುತ್ತಾನೆ? ವಿ-1 ತಳಿ ಚೆನ್ನಾಗಿ ಸೊಪ್ಪು ಕೊಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೂ ಬೋರ್‌ವೆಲ್‌ನಲ್ಲಿ ನೀರು ಎಷ್ಟಿದೆ ಎಂದು ನೋಡದೆ ಯಾರೂ ಅದನ್ನು ನೆಡುವುದಿಲ್ಲ. ಅದು ನೀರಾವರಿ ತಳಿ. ಮಳೆಯನ್ನೇ ನಂಬಿದ ಹೊಲಕ್ಕೆ ಎಸ್-13ರಂಥದ್ದು ಬೇಕು. ಕಡ್ಡಿ ನೆಡುವುದಕ್ಕೆ ಇಷ್ಟು ಯೋಚಿಸುವ ನಾವು, ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಪಕ್ಕದ ಮನೆಯವರು ಎಲ್ಲಿ ಸೇರಿಸಿದರು ಎಂದಷ್ಟೇ ನೋಡುತ್ತೇವೆ.

ಹಿಂದಿನವರಿಗೆ ಆಯ್ಕೆ ಎಂಬುದೇ ಇರಲಿಲ್ಲ. ನಮ್ಮ ಸೀಮೆಯವರೇ ಆದ ಕೆಂಗಲ್ ಹನುಮಂತಯ್ಯನವರು ಬಿ.ಎ. ಓದಲು ಮೈಸೂರಿನ ಮಹಾರಾಜಾ ಕಾಲೇಜಿಗೆ ಹೋಗಬೇಕಾಯಿತು, ಕಾನೂನು ಓದಲು ಪುಣೆಗೆ. ಆಮೇಲೆ ಕನಕಪುರದಲ್ಲಿ ಎಸ್. ಕರಿಯಪ್ಪನವರು ರೂರಲ್ ಎಜುಕೇಷನ್ ಸೊಸೈಟಿ ಕಟ್ಟಿದರು. ಹೆಸರಿನಲ್ಲೇ ‘ರೂರಲ್’ ಎಂದಿಟ್ಟುಕೊಂಡ ಕಾಲೇಜು ಅವರದು. ಹಳ್ಳಿಯ ಹುಡುಗ ಓದುವುದಕ್ಕಾಗಿ ಪಟ್ಟಣದಲ್ಲಿ ಬಾಡಿಗೆ ರೂಮು ಹುಡುಕಬಾರದು ಎಂಬುದು ಸಣ್ಣ ಆಸೆಯಲ್ಲ. ಈಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಕಡೆ ಸರ್ಕಾರಿ ಪದವಿ ಕಾಲೇಜುಗಳಿವೆ. ಒಂದು ಗಂಟೆ ಆಚೆಗೆ ಬೆಂಗಳೂರು, ಇನ್ನೊಂದು ದಿಕ್ಕಿಗೆ ಮಂಡ್ಯ, ಮೈಸೂರು. ಹಾಗಾಗಿ ನಮ್ಮ ಈಗಿನ ಕಷ್ಟ ಆಯ್ಕೆ ಹೆಚ್ಚಾಗಿರುವುದರ ಕಷ್ಟ.

ಅಮೆರಿಕದಲ್ಲಿ ‘ಲಿಬರಲ್ ಆರ್ಟ್ಸ್ ಕಾಲೇಜು’ ಎಂಬ ಒಂದು ಬಗೆಯ ಕಾಲೇಜುಗಳಿವೆ. ಎಂಜಿನಿಯರನ್ನೋ ಡಾಕ್ಟರನ್ನೋ ತಯಾರು ಮಾಡುವುದು ಅವುಗಳ ಮುಖ್ಯ ಕೆಲಸವಲ್ಲ. ಸಾಹಿತ್ಯ, ಗಣಿತ, ಇತಿಹಾಸ, ವಿಜ್ಞಾನ ಎಲ್ಲವನ್ನೂ ಒಂದಷ್ಟು ಓದಿಸಿ, ಯೋಚಿಸುವುದನ್ನೂ ಬರೆಯುವುದನ್ನೂ ಕಲಿಸುತ್ತವೆ. ಅವು ಬೇಕೆಂದೇ ಸಣ್ಣದಾಗಿರುತ್ತವೆ. ವಿಲಿಯಮ್ಸ್ ಕಾಲೇಜು ಎಂಬುದು ಬಹಳ ಹೆಸರಾದದ್ದು, ಅಲ್ಲಿರುವುದು ಸುಮಾರು 2,000 ವಿದ್ಯಾರ್ಥಿಗಳು. ಕೆಲವು ತರಗತಿಗಳಲ್ಲಿ ಒಬ್ಬರು ಮೇಷ್ಟ್ರು, ಇಬ್ಬರೇ ವಿದ್ಯಾರ್ಥಿಗಳು. ಒಂದು ವಾರ ಒಬ್ಬ ಬರೆದುಕೊಂಡು ಬಂದು ಓದುತ್ತಾನೆ, ಇನ್ನೊಬ್ಬ ಅದರ ತಪ್ಪು ಒಪ್ಪು ಹೇಳುತ್ತಾನೆ. ಮುಂದಿನ ವಾರ ಅದಲು ಬದಲು. ಇದಕ್ಕೆ ಅಲ್ಲಿನವರು ಕೊಡುವ ಫೀಜನ್ನು ಇಲ್ಲಿ ಹೇಳಿದರೆ ನಿಮಗೆ ಊಟ ಸೇರುವುದಿಲ್ಲ.

ನನ್ನ ಕಾಲೇಜಿನಲ್ಲಿ ಹೋದ ವರ್ಷ ಅಂತಿಮ ಪದವಿಯ ಇತಿಹಾಸ ತರಗತಿಯಲ್ಲಿದ್ದವರು ಹನ್ನೊಂದು ಜನ. ಬಿ.ಕಾಂ.ಗೆ ಎಲ್ಲರೂ ನುಗ್ಗಿದ್ದರಿಂದ ನಮಗೆ ಉಳಿದವರು ಅಷ್ಟು. ಹನ್ನೊಂದು ಜನರ ತರಗತಿಯಲ್ಲಿ ಯಾರೂ ಹಿಂದಿನ ಬೆಂಚಿನಲ್ಲಿ ಅಡಗಿಕೊಳ್ಳಲಾಗದು. ಯಾರ ಮನೆಯಲ್ಲಿ ಹುಳು ಹಣ್ಣಾಗಿದೆ, ಯಾರು ಅದಕ್ಕಾಗಿ ನಾಲ್ಕು ದಿನ ಬರುವುದಿಲ್ಲ ಎಂಬುದೂ ನನಗೆ ಗೊತ್ತಿರುತ್ತಿತ್ತು. ಅವರಿಂದ ಪ್ರತಿ ತಿಂಗಳೂ ಎರಡು ಪುಟ ಬರೆಸಿದೆ. ಚನ್ನಪಟ್ಟಣದ ಕಡೆಯ ಒಬ್ಬ ಹುಡುಗಿ ತನ್ನ ಅಜ್ಜ ಆಲೆಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ ಬೊಂಬೆ ಮಾಡುತ್ತಿದ್ದುದನ್ನು ಅವರನ್ನೇ ಕೇಳಿ ಬರೆದು ತಂದಳು. ಅಮೆರಿಕದವರು ಲಕ್ಷಗಟ್ಟಲೆ ಕೊಟ್ಟು ಪಡೆಯುವ ಸಣ್ಣ ತರಗತಿ ನಮಗೆ ಯಾರೂ ಸೇರದ ಕಾರಣಕ್ಕೆ ಬಿಟ್ಟಿ ಸಿಕ್ಕಿದೆ ಎಂದು ನಾನು ಸಹೋದ್ಯೋಗಿಗಳ ಹತ್ತಿರ ತಮಾಷೆ ಮಾಡುತ್ತಿರುತ್ತೇನೆ.

ಹಾಗೆಂದು ತಾಲ್ಲೂಕಿನ ಕಾಲೇಜು ಎಲ್ಲರಿಗೂ ಸರಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಸುಳ್ಳಾಗುತ್ತದೆ. ಸರ್ಕಾರಿ ಕಾಲೇಜುಗಳಲ್ಲಿ ಎಷ್ಟೋ ಪಾಠಗಳು ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. ಅವರ ನೇಮಕ ತಡವಾದ ವರ್ಷ ಪಾಠವೂ ತಡ. ಅವರಲ್ಲಿ ಬಹಳ ಒಳ್ಳೆಯ ಮೇಷ್ಟ್ರುಗಳಿದ್ದಾರೆ, ಅವರಿಗೆ ಮುಂದಿನ ವರ್ಷ ತಾವು ಇರುತ್ತೇವೋ ಇಲ್ಲವೋ ಎಂಬುದೇ ಗೊತ್ತಿರುವುದಿಲ್ಲ, ಅಷ್ಟೆ.

ಇಬ್ಬರ ವಿಚಾರ ಹೇಳುತ್ತೇನೆ, ಹೆಸರು ಬೇಡ.

ಮೊದಲನೆಯವನು ನಮ್ಮ ಪಕ್ಕದ ಊರಿನವನು. ಕನ್ನಡ ಮಾಧ್ಯಮದಲ್ಲಿ ಓದಿದವನು, ಒಳ್ಳೆಯ ಅಂಕ. ಅಪ್ಪ ಗೂಡು ಮಾರಿದ ದುಡ್ಡು ಸಾಲದೆ ಸಂಘದಲ್ಲೂ ಸಾಲ ಮಾಡಿ ಬೆಂಗಳೂರಿನ ದೊಡ್ಡ ಕಾಲೇಜೊಂದಕ್ಕೆ ಬಿ.ಕಾಂ.ಗೆ ಸೇರಿಸಿದರು. ಒಂದು ಸೆಕ್ಷನ್ನಿಗೆ ತೊಂಬತ್ತು ಜನ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಕ್ಯಾಂಟೀನಿನ ಮಾತೂ ಇಂಗ್ಲಿಷಿನಲ್ಲಿ. ನವೆಂಬರ್ ಹೊತ್ತಿಗೆ ಅವನು ಕಾಲೇಜಿಗೆ ಹೋಗುವುದನ್ನು ಬಿಟ್ಟಿದ್ದ. ಬೆಳಿಗ್ಗೆ ಮನೆಯಿಂದ ಹೊರಟು ಸಂಜೆ ಬರುತ್ತಿದ್ದ, ನಡುವೆ ಎಲ್ಲಿರುತ್ತಿದ್ದನೋ. ಫೆಬ್ರವರಿಯವರೆಗೆ ಆ ಕಾಲೇಜಿನಿಂದ ಮನೆಗೆ ಒಂದು ಫೋನೂ ಬರಲಿಲ್ಲ. ಹುಡುಗ ದಡ್ಡನಲ್ಲ, ಕಾಲೇಜೂ ಕೆಟ್ಟದ್ದಲ್ಲ. ತೊಂಬತ್ತು ಜನರಲ್ಲಿ ಒಬ್ಬ ಇಲ್ಲ ಎಂಬುದು ಅಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಮುಂದಿನ ವರ್ಷ ತಾಲ್ಲೂಕಿನ ಕಾಲೇಜಿಗೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತೆಗೆದುಕೊಂಡು ಸೇರಿದ. ಪದವಿ ಮುಗಿಸಿ ಈಗ ಬಿ.ಎಡ್. ಓದುತ್ತಿದ್ದಾನೆ. ಸಂಘದ ಸಾಲ ಇನ್ನೂ ತೀರಿಲ್ಲ.

ಎರಡನೆಯವಳು ಮಾಗಡಿ ಕಡೆಯ ಹುಡುಗಿ. ಅವಳ ಅಪ್ಪ ಬಂದು, "ಹೆಣ್ಮಗ ಸಾ, ಹತ್ರದಾಗೇ ಇರ್ಲಿ, ಯಾವ್ದೋ ಒಂದು ಡಿಗ್ರಿ ಆದ್ರೆ ಸಾಕು" ಎಂದರು. ಅವಳು ಬಾಗಿಲ ಹತ್ತಿರ ನಿಂತಿದ್ದಳು. ನಿನಗೇನಮ್ಮ ಬೇಕು ಎಂದರೆ ತಲೆ ಎತ್ತದೆ, "ಫಿಸಿಕ್ಸ್ ಟೀಚರ್ ಆಗ್ಬೇಕು ಸರ್" ಎಂದಳು. ಅಪ್ಪ ಹೇಳಿದ ಕಾಲೇಜಿನಲ್ಲಿ ಅವಳಿಗೆ ಬೇಕಾದ ಕಾಂಬಿನೇಷನ್ನೇ ಇರಲಿಲ್ಲ. ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ, 1963ರಲ್ಲಿ ಶುರುವಾದದ್ದು, ಎನ್‌ಸಿಇಆರ್‌ಟಿಗೆ ಸೇರಿದ್ದು. ಪಿಯುಸಿ ಆದ ಮೇಲೆ ನಾಲ್ಕು ವರ್ಷಕ್ಕೆ ಪದವಿ, ಬಿ.ಎಡ್. ಎರಡೂ ಒಟ್ಟಿಗೆ ಮುಗಿಯುತ್ತವೆ, ಆವರಣದಲ್ಲೇ ಹಾಸ್ಟೆಲ್, ಆವರಣದಲ್ಲೇ ಪಾಠ ಹೇಳಿ ಅಭ್ಯಾಸ ಮಾಡಲು ಶಾಲೆ. ಪ್ರವೇಶ ಪರೀಕ್ಷೆ ಬರೆಯಬೇಕು. ಅಪ್ಪನನ್ನು ಒಪ್ಪಿಸಲು ನನಗಲ್ಲ, ಅವಳ ಅವ್ವನಿಗೆ ಮೂರು ವಾರ ಹಿಡಿಯಿತು. ಅವಳಿಗೆ ಸೀಟು ಸಿಕ್ಕಿತು. ದೂರ ಹೋದದ್ದೇ ಅವಳಿಗೆ ಒಳ್ಳೆಯದಾಯಿತು.

ಒಬ್ಬನಿಗೆ ಹತ್ತಿರದ್ದು, ಒಬ್ಬಳಿಗೆ ದೂರದ್ದು. ಅದಕ್ಕೇ ಫೋನಿನಲ್ಲಿ ನಾನು ಒಂದು ಕಾಲೇಜಿನ ಹೆಸರು ಹೇಳುವುದಿಲ್ಲ.

ದಾರಿಯ ವಿಚಾರ ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರಾಮನಗರ, ಚನ್ನಪಟ್ಟಣದವರಿಗೆ ರೈಲಿದೆ. ಕನಕಪುರ, ಮಾಗಡಿಯವರಿಗೆ ಬಸ್ಸೇ ಗತಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ದುಡ್ಡು ಕೊಡುವಂತಿಲ್ಲ. ಇದು ದೊಡ್ಡ ಉಪಕಾರ, ಬಸ್ ಚಾರ್ಜಿಗೆ ಹೆದರಿ ಮಗಳನ್ನು ಓದು ಬಿಡಿಸುತ್ತಿದ್ದವರನ್ನು ನಾನು ಕಂಡಿದ್ದೇನೆ. ಆದರೆ ಟಿಕೆಟ್ ಬಿಟ್ಟಿಯಾದರೂ ಹೊತ್ತು ಬಿಟ್ಟಿಯಲ್ಲ. ಹಳ್ಳಿಯಿಂದ ತಾಲ್ಲೂಕಿಗೆ ಒಂದು ಬಸ್ಸು, ಅಲ್ಲಿಂದ ಬೆಂಗಳೂರಿಗೆ ಇನ್ನೊಂದು, ಅಲ್ಲಿಂದ ಸಿಟಿ ಬಸ್ಸು. ಬೆಳಿಗ್ಗೆ ಐದೂವರೆಗೆ ಎದ್ದು ರಾತ್ರಿ ಎಂಟಕ್ಕೆ ಮನೆ ಸೇರುವ ಹುಡುಗಿ ಯಾವಾಗ ಓದಬೇಕು? ನೀವೇ ಒಂದು ದಿನ ಆ ಬಸ್ಸಿನಲ್ಲಿ ಹೋಗಿ ಬನ್ನಿ, ಭಾನುವಾರ ಅಲ್ಲ, ಸೋಮವಾರ.

ಹಾಗೆಯೇ ಕಾಲೇಜನ್ನೂ ಮಾಮೂಲಿ ದಿನ ನೋಡಿ. ಅಡ್ಮಿಷನ್ ದಿನ ಎಲ್ಲ ಕಾಲೇಜೂ ಮದುವೆ ಮನೆಯಂತೆ ಇರುತ್ತದೆ. ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಮನೆಗೆ ಕೊಡುತ್ತಾರಾ ಕೇಳಿ. ಬೀರುವಿಗೆ ಬೀಗ ಹಾಕಿ ಬೀಗದ ಮೇಲೆ ಧೂಳು ಕೂತಿದ್ದರೆ ಅಲ್ಲಿಗೆ ಅರ್ಥವಾಯಿತು. ನ್ಯಾಕ್ ಗ್ರೇಡು ಗೋಡೆಯ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ, ನೋಡಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಕೊನೆಯ ವರ್ಷದ ಇಬ್ಬರು ಮಕ್ಕಳನ್ನು ನಿಲ್ಲಿಸಿ, "ನಿಮ್ಮ ಮೇಷ್ಟ್ರಿಗೆ ನಿಮ್ಮ ಹೆಸರು ಗೊತ್ತಾ?" ಎಂದು ಕೇಳಿ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ.

ಎಚ್. ನರಸಿಂಹಯ್ಯನವರ ಹೆಸರು ಹಿರಿಯರಿಗೆಲ್ಲ ಗೊತ್ತು. ಗೌರಿಬಿದನೂರಿನ ಹತ್ತಿರದ ಹೊಸೂರಿನವರು, ಬಡವರ ಮಗ. 1935ರಲ್ಲಿ ಬಸ್ಸಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದುಕೊಂಡೇ ಬಂದು ನ್ಯಾಷನಲ್ ಹೈಸ್ಕೂಲ್ ಸೇರಿದರು. ಊರಿನಲ್ಲಿ ಅವರಿಗೆ ಪಾಠ ಹೇಳಿದ್ದ ಮೇಷ್ಟ್ರು ಆಗ ಅಲ್ಲಿದ್ದರು. ಆ ಹುಡುಗ ಕಟ್ಟಡ ನೋಡಿ ಬಂದದ್ದಲ್ಲ, ಮೇಷ್ಟ್ರನ್ನು ನಂಬಿ ಬಂದದ್ದು. ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಆದರೂ ಬದುಕಿನ ಬಹುಭಾಗ ವಿದ್ಯಾರ್ಥಿಗಳ ಜೊತೆ ಹಾಸ್ಟೆಲಿನ ಕೊಠಡಿಯಲ್ಲೇ ಇದ್ದರು.

ದುಡ್ಡಿನ ವಿಚಾರ ಬೇಗ ಮುಗಿಸುತ್ತೇನೆ. ಹಿಂದುಳಿದ ವರ್ಗದ ಹಾಸ್ಟೆಲಿನಲ್ಲಿ ಜಾಗ ಸಿಗದವರಿಗೆ ವಿದ್ಯಾಸಿರಿ ಎಂದು ತಿಂಗಳಿಗೆ ಇಷ್ಟು ಎಂದು ಹತ್ತು ತಿಂಗಳು ದುಡ್ಡು ಕೊಡುವ ಯೋಜನೆ ಇದೆ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಆಗ ಅಮೆರಿಕದ ಕಾಲೇಜಿನ ಬಗ್ಗೆ ಹೇಳಿದೆನಲ್ಲ, ಆ ಬಗೆಯ ಓದು ನಮ್ಮ ಸರ್ಜಾಪುರದ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲೂ ಇದೆ. ಮನೆಯ ವರಮಾನ ಕಡಿಮೆ ಇದ್ದವರಿಗೆ ಪೂರ್ತಿ ಫೀಜು, ಹಾಸ್ಟೆಲ್ ಖರ್ಚಿನವರೆಗೂ ವಿದ್ಯಾರ್ಥಿವೇತನ ಸಿಗಬಹುದು. ಪಾಠ ಇಂಗ್ಲಿಷಿನಲ್ಲಿ, ಪ್ರವೇಶ ಪರೀಕ್ಷೆಯೂ ಸಂದರ್ಶನವೂ ಇರುತ್ತವೆ. ಓದುವ ಹಸಿವಿರುವ ಮಗುವಿದ್ದರೆ ಹೆದರದೆ ಅರ್ಜಿ ಹಾಕಿಸಿ. ಫೀಜಿನ ಪಟ್ಟಿಯನ್ನು ನೋಡಿದ ಕೂಡಲೇ ಓಡಿ ಬರಬೇಡಿ.

ಇನ್ನು ಮುಂದಿನ ಸಾಲಿನ ಮಕ್ಕಳಿಗೆ ಒಂದು ಮಾತು. ನೀವು ಪದವಿಗೆ ಹೋಗಲು ಇನ್ನೂ ಎರಡು ವರ್ಷ ಇದೆ ಅಂದುಕೊಂಡಿದ್ದೀರಿ. ಆದರೆ ಪಿಯುಸಿಯಲ್ಲಿ ವಿಜ್ಞಾನ ಬಿಟ್ಟವರು ಮುಂದೆ ಬಿ.ಎಸ್ಸಿ. ಸೇರಲಾಗದು, ಪದವಿಯಲ್ಲಿ ಗಣಿತ ಓದದವರು ಗಣಿತದ ಮೇಷ್ಟ್ರಾಗಲಾಗದು. ಗೆಳೆಯ ತೆಗೆದುಕೊಂಡ ಎಂದು ನೀವೂ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಬಾಗಿಲ ಹತ್ತಿರ ನಿಲ್ಲದೆ ಒಳಗೆ ಬಂದು ಕೂತು ಹೇಳಿ, ನನಗೆ ಇದು ಬೇಕು ಅಂತ.

ಊಟ ತಯಾರಾಗಿದೆ ಎಂದು ಹೆಡ್‌ಮಾಸ್ಟರು ಸನ್ನೆ ಮಾಡುತ್ತಿದ್ದಾರೆ. ಮಧ್ಯಾಹ್ನ ಮೂರರಿಂದ ನಾನು ಹತ್ತನೆಯ ‘ಬಿ’ ಕೊಠಡಿಯಲ್ಲಿ ಕೂತಿರುತ್ತೇನೆ, ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ವರೂ ಇರುತ್ತಾರೆ. ಕೇಳಬೇಕಾದವರು ಬನ್ನಿ. ಅಂಕಪಟ್ಟಿ ತರದಿದ್ದರೂ ನಡೆಯುತ್ತದೆ, ಮಗನನ್ನೋ ಮಗಳನ್ನೋ ಕರೆದುಕೊಂಡು ಬನ್ನಿ.