ಓದುಗರನ್ನು ಯಾರೆಂದುಕೊಂಡು ಬರೆಯುತ್ತೇವೆ?



ಬರೆಯಲು ಕೂತವರ ಎದುರಿಗೆ ಯಾರೂ ಇರುವುದಿಲ್ಲ. ಆದರೂ ಅವರು ಮನಸ್ಸಿನಲ್ಲಿ ಯಾರನ್ನೋ ಕೂರಿಸಿಕೊಂಡೇ ಬರೆಯುತ್ತಾರೆ. ಹಾಗೆ ಕೂತವರು ಯಾವ ಊರಿನವರು, ಎಷ್ಟು ಓದಿದವರು, ಗಂಡೋ ಹೆಣ್ಣೋ ಎಂಬುದನ್ನು ಬರಹವೇ ಹೇಳಿಬಿಡುತ್ತದೆ. ಈ ಬಗ್ಗೆ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಓದುಗರಿಗೆ ನಮ್ಮಷ್ಟು ಮಾಹಿತಿ ಇಲ್ಲದಿರಬಹುದು. ಬುದ್ಧಿ ನಮಗಿಂತ ಕಡಿಮೆ ಎಂದು ಮಾತ್ರ ಎಣಿಸಬಾರದು.

ಕನ್ನಡದಲ್ಲಿ ಈ ನಂಬಿಕೆ ಹಳೆಯದು. 9ನೆಯ ಶತಮಾನದ ಕವಿರಾಜಮಾರ್ಗ ರಾಷ್ಟ್ರಕೂಟರ ಆಸ್ಥಾನದಲ್ಲಿ ಹುಟ್ಟಿದ ಗ್ರಂಥ. ಆದರೂ ಶಾಸ್ತ್ರ ಕಲಿಯದ ನಾಡವರಿಗೂ ಕಾವ್ಯದ ವಿವೇಕವಿದೆ ಎಂದು ಅದು ಹೇಳಿತು. ಮುಂದೆ ಕುಮಾರವ್ಯಾಸನ ಭಾರತ ಗಮಕಿಗಳ ಕಂಠದಿಂದ ಅಕ್ಷರ ಬಾರದವರ ಕಿವಿಗೂ ಬಿತ್ತು. ಅವರಿಗಾಗಿ ಯಾರೂ ಅದನ್ನು ತೆಳುಮಾಡಲಿಲ್ಲ.

ಹೊಸಗನ್ನಡದ ಹೊಸ್ತಿಲಲ್ಲಿ ನಿಂತ ಮುದ್ದಣ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ‘ಶ್ರೀರಾಮಾಶ್ವಮೇಧ’ದಲ್ಲಿ ಕೇಳುಗರನ್ನೇ ಕೃತಿಯ ಒಳಗೆ ತಂದು ಕೂರಿಸಿದ. ಅಲ್ಲಿ ಕಥೆ ಕೇಳುವ ಕವಿಯ ಮಡದಿ ಮನೋರಮೆ ಸುಮ್ಮನೆ ಹೂಂಗುಟ್ಟುವವಳಲ್ಲ. ಯಾವ ಕಥೆ ಬೇಕೆಂದು ಆರಿಸುತ್ತಾಳೆ, ಪದ್ಯ ಬೇಡ ಗದ್ಯ ಬೇಕೆನ್ನುತ್ತಾಳೆ, ಸಂಸ್ಕೃತ ಹೆಚ್ಚಾದರೆ ತಕರಾರು ತೆಗೆಯುತ್ತಾಳೆ. ಅವಳು ಕೇಳಿದ್ದಕ್ಕೆ ಕವಿ ಉತ್ತರ ಕೊಡಲೇಬೇಕು. 1901ರಲ್ಲಿ, ಮೂವತ್ತೊಂದು ತುಂಬಿದ ಕೆಲವೇ ದಿನಗಳಲ್ಲಿ ತೀರಿಕೊಂಡ ಆ ಬಡ ವ್ಯಾಯಾಮ ಶಿಕ್ಷಕ, ಓದುಗರಿಗೆ ಪ್ರಶ್ನೆ ಕೇಳುವ ಹಕ್ಕಿದೆ ಎಂದು ತೋರಿಸಿಕೊಟ್ಟ.

ನಮ್ಮ ಕಾಲಕ್ಕೆ ಬಂದರೆ ದೇವನೂರ ಮಹಾದೇವರ ‘ಕುಸುಮಬಾಲೆ’ ಇದೆ. ಅದು ನಂಜನಗೂಡು ಸೀಮೆಯ ಆಡುಮಾತಿನ ಕೃತಿ. ಪಠ್ಯಪುಸ್ತಕದ ಕನ್ನಡ ಬಲ್ಲವರೇ ಕನ್ನಡದ ಓದುಗರು ಎಂಬ ಊಹೆಯನ್ನು ಅದು ಒಪ್ಪಲಿಲ್ಲ. ಕಲಿತವರೇ ಅಲ್ಲಿ ತಡವರಿಸಿದರು. ಹಿರಿಯ ವಿದ್ವಾಂಸರಾದ ಎಲ್. ಬಸವರಾಜು ಅದನ್ನು ಸಾಲು ಮುರಿದು, ಪದ್ಯದಂತೆ ಜೋಡಿಸಿಕೊಂಡು ಓದಿದರು. ಅಷ್ಟು ಕಾಲವೂ ಹಳ್ಳಿಯ ದಲಿತ ಹುಡುಗರು ಪೇಟೆಯ ಕನ್ನಡವನ್ನು ಕಷ್ಟಪಟ್ಟು ಕಲಿತು ಓದಿದ್ದರಲ್ಲ, ಆ ಶ್ರಮದ ಒಂದು ಪಾಲು ಈಗ ಕಲಿತವರ ಪಾಲಿಗೂ ಬಂತು. ಅದು ನ್ಯಾಯವೇ.

ದೊಡ್ಡಬಳ್ಳಾಪುರದಲ್ಲಿ ನಿಂತು ವಿಮರ್ಶಕ ಡಿ.ಆರ್. ನಾಗರಾಜ್ ಅವರನ್ನು ನೆನೆಯದಿರುವುದು ಹೇಗೆ? 1954ರಲ್ಲಿ ಇದೇ ಊರಿನ ನೇಕಾರರ ಮನೆಯಲ್ಲಿ ಹುಟ್ಟಿದವರು ಅವರು. ಹೊರಗಿನ ಓದುಗರಿಗಾಗಿ ಇಂಗ್ಲಿಷಿನಲ್ಲೂ ಬರೆದರು. ಆದರೆ ಕಠಿಣವಾದ ಚಿಂತನೆ ಇಂಗ್ಲಿಷಿಗೆ ಮೀಸಲು, ಕನ್ನಡಿಗರಿಗೆ ಅದರ ಸಾರಾಂಶ ಸಾಕು ಎನ್ನಲಿಲ್ಲ. ಹೆಗ್ಗೋಡಿನ ಅಕ್ಷರ ಪ್ರಕಾಶನಕ್ಕಾಗಿ ಅವರು ಸಂಪಾದಿಸಿದ ‘ಅಕ್ಷರ ಚಿಂತನ’ ಮಾಲೆಯ ಹಿಂದೆ ಇದ್ದದ್ದು, ಕನ್ನಡವೊಂದನ್ನೇ ಬಲ್ಲವರೂ ಲೋಕದ ದೊಡ್ಡ ವಿಚಾರಗಳ ಜೊತೆ ಸೆಣಸಬಲ್ಲರು ಎಂಬ ಭರವಸೆ. ವಿಷಯ ಕಷ್ಟವಾಗಿದ್ದರೆ ಓದುಗರಿಗೆ ಅವಮಾನವಿಲ್ಲ. ‘ನಿಮಗೆಲ್ಲ ತಿಳಿದಿರುವಂತೆ’ ಎಂದು ಶುರುಮಾಡಿ, ಗೊತ್ತಿಲ್ಲದವರನ್ನು ಹೊಸ್ತಿಲಾಚೆಗೇ ನಿಲ್ಲಿಸುವುದು ಅವಮಾನ.

ಈಗ ನಮ್ಮ ಜಿಲ್ಲೆಯ ಬಗ್ಗೆಯೇ ಬರುತ್ತಿರುವ ಬರಹ ನೋಡಿ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಇಲ್ಲಿನ ನೆಲದ ಬಗ್ಗೆ ಬರೆದದ್ದಕ್ಕೆ ಲೆಕ್ಕವಿಲ್ಲ. ಬಹುಪಾಲು ಬರಹ ನೋಡುವುದು ನೆಲ ಕೊಳ್ಳಲು ಬರುವವರ ಮುಖವನ್ನು. ಅದೇ ನೆಲದಲ್ಲಿ ಚಕ್ಕೋತ, ದ್ರಾಕ್ಷಿ, ರಾಗಿ ಬೆಳೆದವರು ಅಲ್ಲಿ ಬರೀ ವಿಷಯ, ಓದುಗರಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಭೂಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು. ಸರ್ವೆ ನಂಬರು, ಅಧಿಸೂಚನೆ, ಕಾಯಿದೆಯ ಕಲಮು ಇವನ್ನೆಲ್ಲ ಅರೆದು ಕುಡಿಯದೆ ಅಂಥ ಹೋರಾಟ ಅಷ್ಟು ದಿನ ನಡೆಯುವುದಿಲ್ಲ. ಅವರಿಗಿಂತ ಎಚ್ಚರದ ಓದುಗರು ಇನ್ನೆಲ್ಲಿ ಸಿಗುತ್ತಾರೆ?

ಆದ್ದರಿಂದ ಇಲ್ಲಿರುವ ಕಿರಿಯ ಲೇಖಕರಲ್ಲಿ ನನ್ನ ವಿನಂತಿ ಇಷ್ಟೇ. ಮಗ್ಗದವರ ಬಗ್ಗೆ ಬರೆದರೆ ಮಗ್ಗದವರ ಎದುರು ಓದಿ. ರೈತರ ಬಗ್ಗೆ ಬರೆದರೆ ರೈತರ ಎದುರು ಓದಿ. ಅವರು ತಡೆದು ಕೇಳಿದ ಕಡೆ ನಿಲ್ಲಿಸಿ, ತಿದ್ದಿ, ಆಮೇಲೆ ಅಚ್ಚಿಗೆ ಕೊಡಿ.